ಹತ್ತಿದ ದಾರಿ ಇಳಿಯುವಾಗ ಯಾಕೆ ಸಿಗಲ್ಲ?

ಬೆಟ್ಟ ಹತ್ತುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಕೊಡಚಾದ್ರಿಯವು, ಅದರಲ್ಲೂ ದಾರಿ ತಪ್ಪಿದವರವು. ಬೂಟು ಯಾವ ಕಂಪನಿಯದು ತಗೋಬೇಕು ಅಂತ ಕೇಳಿದವರೂ ಇದ್ದಾರೆ. ಅವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಕಾಲಿಗೆ ಪಳಗಿದ ಹಳೇದು ಇದ್ದರೆ ಅದನ್ನೇ ಹಾಕಿ, ಸೋಲ್ ಸವೆದಿರಬಾರದು ಅಷ್ಟೇ. ಉಳಿದವಕ್ಕೆ ಉತ್ತರ ಕೆಳಗಿದೆ.

ಪ್ರಶ್ನೆ: ಸಾರ್, ನವೆಂಬರಿನಲ್ಲಿ ನಾವು ಐದು ಜನ ಸ್ನೇಹಿತರು ಕೊಡಚಾದ್ರಿಗೆ ಹೋಗಿದ್ದೆವು. ಸರ್ವಜ್ಞ ಪೀಠದ ತನಕ ಆರಾಮಾಗಿ ಹತ್ತಿದೆವು. ಇಳಿಯುವಾಗ ಮಂಜು ಬಂತು. ದಾರಿ ತಪ್ಪಿ ಎರಡು ಗಂಟೆ ಅಲೆದೆವು. ಹತ್ತಿದ ದಾರೀನೇ ಅಲ್ವಾ, ಅದು ಹೇಗೆ ತಪ್ಪಿತು?
(ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ತಪ್ಪಿದ್ದು ನಿಮ್ಮ ದಡ್ಡತನದಿಂದ ಅಲ್ಲಪ್ಪ, ಬೆಟ್ಟದ ದಾರಿಗಳು ಇರುವುದೇ ಹಾಗೆ. ಒಂದು ಮರ ನೆನಪಿಸಿಕೊಳ್ಳಿ. ಕೊಂಬೆಯ ತುದಿಯಿಂದ ಹೊರಟ ಇರುವೆ ಯಾವ ಕೊಂಬೆಯಿಂದ ಹೊರಟರೂ ಬೊಡ್ಡೆಗೇ ಬಂದು ಸೇರುತ್ತೆ. ಅದೇ ಬೊಡ್ಡೆಯಿಂದ ವಾಪಸ್ ಹೊರಟರೆ ಯಾವ ಕೊಂಬೆಗೆ ಹೋಗುತ್ತೋ ದೇವರೇ ಬಲ್ಲ. ಬೆಟ್ಟದ ನೆತ್ತಿ ಅಂದರೆ ಆ ಬೊಡ್ಡೆ. ಹತ್ತುವಾಗ ಎಲ್ಲಾ ದಾರಿಯೂ ಮೇಲಕ್ಕೇ ಹೋಗುತ್ತೆ, ಸ್ವಲ್ಪ ತಪ್ಪಿದರೂ ನಡೆಯುತ್ತೆ. ಇಳಿಯುವಾಗ ಒಂದೊಂದು ಕವಲೂ ಒಂದೊಂದು ಊರಿಗೆ, ಕೆಲವು ಯಾವ ಊರಿಗೂ ಅಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಜನ ಗಮನಿಸುವುದೇ ಇಲ್ಲ. ನೀವು ಹತ್ತುತ್ತಿರುವಾಗ ಪಕ್ಕದ ಕವಲುದಾರಿ ನಿಮ್ಮ ಬೆನ್ನ ಕಡೆಯಿಂದ ಓರೆಯಾಗಿ ಬಂದು ಸೇರುತ್ತೆ. ಹಾಗಾಗಿ ಕಣ್ಣಿಗೇ ಬೀಳಲ್ಲ. ಇಳಿಯುವಾಗ ಅದೇ ಕವಲು ಎದುರಿಗೆ ಬಾಯಿ ತೆರೆದುಕೊಂಡು ನಿಂತಿರುತ್ತೆ, ಮತ್ತು ಎಷ್ಟೋ ಸಲ ನಿಜವಾದ ದಾರಿಗಿಂತ ಅದೇ ಅಗಲವಾಗಿ, ಚೆನ್ನಾಗಿ ಕಾಣುತ್ತೆ. ಬೆಳಿಗ್ಗೆ ಇಂಥದೊಂದು ಇತ್ತು ಅಂತ ನಿಮಗೆ ನೆನಪೇ ಇರಲ್ಲ, ಯಾಕಂದರೆ ನೀವು ನೋಡೇ ಇರಲಿಲ್ಲ.

ನನಗೂ ಆಗಿದೆ. ಬಹಳ ವರ್ಷದ ಹಿಂದೆ, ಅದೇ ಬೆಟ್ಟ, ಅದೇ ಮಂಜು. ಪೀಠದಿಂದ ಮೂಲ ಮೂಕಾಂಬಿಕೆ ದೇವಸ್ಥಾನದ ಕಡೆ ಇಳಿಯಬೇಕಾದವನು ಮಾತಾಡುತ್ತಾ ಮಾತಾಡುತ್ತಾ ಹುಲ್ಲಿನ ಗುಡ್ಡದ ಬೆನ್ನಿನ ಮೇಲೆ ಇನ್ನೊಂದೇ ಕಡೆ ಹೊರಟುಬಿಟ್ಟಿದ್ದೆ. ಕಾಲ ಕೆಳಗೆ ದಾರಿ ಇತ್ತು, ಸೊಗಸಾದ ದಾರಿ. ಹತ್ತು ನಿಮಿಷ ಆದ ಮೇಲೆ ಏನೋ ಸರಿ ಇಲ್ಲ ಅನ್ನಿಸಿತು. ಏನು ಅಂತ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಅಷ್ಟು ದೂರಕ್ಕೆ ಒಂದೇ ಒಂದು ಗುಟ್ಕಾ ಚೀಟಿ ಕಂಡಿರಲಿಲ್ಲ! ಕೊಡಚಾದ್ರಿಯ ಜನರ ದಾರಿಯಲ್ಲಿ ಇನ್ನೂರು ಹೆಜ್ಜೆ ಚಾಕಲೇಟ್ ಕಾಗದ ಕಾಣದೆ ನಡೆಯಲು ಸಾಧ್ಯವೇ? ಬಗ್ಗಿ ನೋಡಿದರೆ ಸಗಣಿ, ದೊಡ್ಡ ಗೊರಸಿನ ಗುರುತು. ನಾನು ನಡೆಯುತ್ತಿದ್ದದ್ದು ಕಾಟಿಗಳ, ಅಂದರೆ ಕಾಡುಕೋಣಗಳ ದಾರಿಯಲ್ಲಿ. ನಮ್ಮ ಜನ ಹಾಕುವ ಕಸದಿಂದ ಆಗಿರುವ ಉಪಕಾರ ಅಂದರೆ ಅದೊಂದೇ, ಮತ್ತೆ ಹಾಕಬೇಡಿ.

ದಾರಿ ಯಾರದ್ದು ಅಂತ ಓದುವುದು ಕಷ್ಟವಲ್ಲ. ಜನ ನಡೆದ ದಾರಿಯಲ್ಲಿ ಬೇರುಗಳು ತೊಗಟೆ ಸವೆದು ನಯವಾಗಿರುತ್ತವೆ, ಕಲ್ಲಿನ ಅಂಚು ಬೂಟು ಉಜ್ಜಿ ಬಿಳಿಚಿಕೊಂಡಿರುತ್ತೆ, ಏರಿನಲ್ಲಿ ಮೆಟ್ಟಿಲಿನ ಹಾಗೆ ಗುಳಿ ಬಿದ್ದಿರುತ್ತೆ. ದನ, ಕಾಟಿ, ಹಂದಿ ನಡೆದ ದಾರಿ ಕಾಡಿನೊಳಗೆ ನುಗ್ಗಿದ ಮೇಲೆ ಕೊಂಬೆಗಳು ನಿಮ್ಮ ಎದೆಗೆ, ಮುಖಕ್ಕೆ ತಾಗಲು ಶುರುವಾಗುತ್ತೆ. ಜನ ದಿನಾ ಓಡಾಡುವ ಕಡೆ ಆ ಕೊಂಬೆ ಯಾವತ್ತೋ ಮುರಿದಿರುತ್ತಿತ್ತು. ಮೂರನೇದು ಬೆಂಕಿ ಲೈನು. ಬೇಸಿಗೆಯಲ್ಲಿ ಕಿಚ್ಚು ಹಬ್ಬದಿರಲಿ ಅಂತ ಅರಣ್ಯ ಇಲಾಖೆಯವರು ಹುಲ್ಲು ಸವರಿ ಪಟ್ಟಿ ಮಾಡಿರುತ್ತಾರೆ. ದೂರದಿಂದ ನೋಡಿದರೆ ಅದರಷ್ಟು ಒಳ್ಳೆಯ ದಾರಿ ಬೆಟ್ಟದಲ್ಲೇ ಇಲ್ಲ. ಆದರೆ ಅದು ಗಡಿ ಹಿಡಿದು ಹೋಗುತ್ತೆ, ಊರಿಗೆ ಹೋಗಲ್ಲ. ಯಾವುದೋ ದರೆಯ, ಅಂದರೆ ಕಡಿದಾದ ಪ್ರಪಾತದ ಅಂಚಿನಲ್ಲಿ ಸುಮ್ನೆ ನಿಂತುಬಿಡುತ್ತೆ.

ಹಾಗಾದರೆ ಮಾಡಬೇಕಾದ್ದೇನು? ಹತ್ತುವಾಗಲೇ ತಿರುಗಿ ನೋಡಿ. ಕಾಲು ಗಂಟೆಗೊಮ್ಮೆ, ಮತ್ತು ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ, ಹುಲ್ಲು ಮುಗಿದು ಬಂಡೆ ಶುರುವಾಗುವ ಕಡೆ ತಪ್ಪದೆ ನಿಂತು ಹಿಂದಕ್ಕೆ ತಿರುಗಿ. ಇಳಿಯುವಾಗ ಇದು ಹೇಗೆ ಕಾಣುತ್ತೆ ಅಂತ ನೋಡಿಕೊಳ್ಳಿ, ಮೊಬೈಲಿನಲ್ಲಿ ಹಿಂದಕ್ಕೆ ಮುಖ ಮಾಡಿ ಒಂದು ಫೋಟೊ ತೆಗೆಯಿರಿ. ಎಲ್ಲರೂ ನೆತ್ತಿಯ ಕಡೆ ಕ್ಯಾಮೆರಾ ಹಿಡಿಯುತ್ತಾರೆ. ಉಪಯೋಗಕ್ಕೆ ಬರುವುದು ಇನ್ನೊಂದು ಕಡೆಯದು. ಹುಲ್ಲಿನಿಂದ ಕಾಡಿಗೆ ಇಳಿಯುವ ಬಾಯಿ ಇದೆಯಲ್ಲ, ಅದು ಮೇಲಿನಿಂದ ಕಾಣುವುದೇ ಇಲ್ಲ, ಕಾನಿನ ಅಂಚು ಪೂರ್ತಿ ಒಂದೇ ಹಸಿರು ಗೋಡೆ. ಅಲ್ಲೊಂದು ಒಣಗಿದ ಮರವೋ, ಸೀಳಿದ ಬಂಡೆಯೋ ಇದ್ದರೆ ನೆನಪಿಟ್ಟುಕೊಳ್ಳಿ.

ಇನ್ನು ಮಂಜು. ಕೊಡಚಾದ್ರಿ 1,343 ಮೀಟರ್ ಎತ್ತರ, ಪಡುವಣ ಕಡೆ ನೇರ ಕರಾವಳಿ. ಸಮುದ್ರದ ಹಸಿ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತಾ ತಣ್ಣಗಾಗಿ ಮೋಡವಾಗುತ್ತೆ. ಅಂದರೆ ನೀವು ಮಂಜು ಅನ್ನುವುದು ಮೋಡವೇ, ನೀವು ಅದರೊಳಗೆ ನಿಂತಿದ್ದೀರಿ. ಅದು ಬರಲು ಐದು ನಿಮಿಷ ಸಾಕು. ಒಳ್ಳೇದೇನಂದರೆ ಎಷ್ಟೋ ಸಲ ಅದು ಅಲೆ ಅಲೆಯಾಗಿ ಬರುತ್ತೆ, ನಡುವೆ ಎರಡು ನಿಮಿಷ ಪರದೆ ಸರಿದ ಹಾಗೆ ತೆರೆಯುತ್ತೆ. ಬಂದ ತಕ್ಷಣ ಓಡಬೇಡಿ. ಎಲ್ಲರೂ ಒಂದೇ ಕಡೆ ಕೂತು ಬುತ್ತಿ ಬಿಚ್ಚಿ. ತೆರೆದಾಗ ಎದ್ದು ನಿಂತು ದಿಕ್ಕು ನೋಡಿಕೊಂಡು ಮತ್ತೆ ಇಳಿಯಿರಿ. ನಡೆಯುವಾಗ ಹಿಂದಿನವನು ಮುಂದಿನವನಿಗೆ ಕಾಣುತ್ತಿರಬೇಕು. ನೀವು ಐದು ಜನ "ನೀನು ಆ ಕಡೆ ನೋಡು, ನಾನು ಈ ಕಡೆ ನೋಡ್ತೀನಿ" ಅಂತ ಚದುರಿದಿರಾ? ಹಾಗಾಗಿದ್ದರೆ ಎರಡೇ ಗಂಟೆಯಲ್ಲಿ ಸಿಕ್ಕಿದ್ದು ಪುಣ್ಯ.

ಪ್ರಶ್ನೆ: ಕಲ್ಲಿನ ಮೇಲೆ ಕಲ್ಲು ಪೇರಿಸಿಟ್ಟಿದ್ದರೆ ಅದು ದಾರಿಯ ಗುರುತು ಅಂತ ಓದಿದ್ದೆ. ಅದನ್ನೇ ಹಿಡಿದು ಹೋದರೆ ಎಲ್ಲಿಗೋ ಹೋಗಿ ನಿಂತೆವು.
(ಓದುಗರು, ಹೊಸನಗರ)

ಉತ್ತರ: ನೀವು ಓದಿದ್ದು ಬೇರೆ ದೇಶದ ಬೆಟ್ಟಗಳ ವಿಷಯ ಇರಬೇಕು, ಹಿಮಾಲಯದಲ್ಲೂ ಹಾಗೇ ಗುರುತು ಇಡುತ್ತಾರೆ. ನಮ್ಮಲ್ಲಿ ದೇವರ ಬೆಟ್ಟದ ಮೇಲೆ ಕಲ್ಲು ಪೇರಿಸುವುದು ಸ್ವಂತ ಮನೆ ಆಗಲಿ ಅನ್ನುವ ಹರಕೆಗೆ. ಮೂರು ಕಲ್ಲು ಇಟ್ಟವರಿಗೆ ಮೂರು ಮಹಡಿ. ಚೆನ್ನಾಗಿ ಕಾಣುವ ಜಾಗದಲ್ಲಿ, ಬಂಡೆಯ ಅಂಚಿನಲ್ಲಿ ಕೂತು ಇಟ್ಟಿರುತ್ತಾರೆ. ಅಲ್ಲಿಗೆ ಹೋದರೆ ಅವರ ಮನೆ ಸಿಗುತ್ತೆ, ನಿಮ್ಮ ದಾರಿಯಲ್ಲ. ಬಂಡೆಯ ಮೇಲೆ ಬಾಣದ ಗುರುತು ಬಣ್ಣದಲ್ಲಿ ಬರೆದಿದ್ದರೆ, ಒಂದರಿಂದ ಇನ್ನೊಂದು ಕಾಣುವ ಹಾಗಿದ್ದರೆ ನಂಬಬಹುದು. ಒಂದೇ ಒಂದು ಬಾಣ ಇದ್ದು ಮುಂದೆ ಏನೂ ಇಲ್ಲದಿದ್ದರೆ ಅಲ್ಲೇ ನಿಲ್ಲಿ.

ಪ್ರಶ್ನೆ: ಮಳೆಗಾಲ ಶುರುವಾದ ಹೊಸದರಲ್ಲಿ ಹಿಡ್ಲುಮನೆ ಅಬ್ಬಿ ಪಕ್ಕದಿಂದ ಬಂಡೆ ಹತ್ತಿ ಕೊಡಚಾದ್ರಿಗೆ ಹೋಗುವ ಆಸೆ. ನಾವು ನಾಲ್ಕು ಜನ ಹೆಂಗಸರು, ಎಲ್ಲರಿಗೂ ನಡೆದು ಅಭ್ಯಾಸ ಇದೆ. ಹೋಗಬಹುದಾ?
(ಶಿಕ್ಷಕಿ, ಸಾಗರ)

ಉತ್ತರ: ನಡೆದು ಅಭ್ಯಾಸ ಇರುವುದು ಬೇರೆ ಮೇಡಂ, ಒದ್ದೆ ಬಂಡೆ ಬೇರೆ. ಜೂನ್‌ನಲ್ಲಿ ಬೇಡ. ಮೊದಲ ಮಳೆಯೇ ಜಾಸ್ತಿ ಅಪಾಯ. ಬೇಸಿಗೆಯಿಡೀ ಒಣಗಿ ಬಂಡೆಗೆ ಅಂಟಿಕೊಂಡಿದ್ದ ಹಾವಸೆ ಒಂದೇ ಮಳೆಗೆ ಲೋಳೆಯಾಗುತ್ತೆ. ನೋಡಲು ಬಂಡೆ ಬರೀ ಒದ್ದೆ ಅಷ್ಟೇ, ಕಾಲಿಟ್ಟರೆ ಎಣ್ಣೆ. ಮೇಲೆ ಜೋರು ಮಳೆಯಾದರೆ ಅಬ್ಬಿಯ ನೀರು ಹತ್ತು ನಿಮಿಷದಲ್ಲಿ ಏರುತ್ತೆ, ಆಗ ಹತ್ತಿದ ಕಡೆಯಿಂದ ಇಳಿಯುವುದಕ್ಕೂ ಆಗಲ್ಲ.

ಮಳೆ ನಿಂತು ಬಿಸಿಲು ಬಿದ್ದ ಮೇಲೆ, ಅಂದರೆ ಅಕ್ಟೋಬರ್ ಕಳೆದು ಹೋಗುವುದಾದರೆ ಬಂಡೆ ನೋಡುವುದನ್ನು ಕಲಿಯಿರಿ. ಬೂದು ಬಣ್ಣದ, ಕೈಯಲ್ಲಿ ಸವರಿದರೆ ಮರಳಿನ ಕಾಗದದ ಹಾಗೆ ಒರಟಾಗಿರುವ ಕಡೆ ಕಾಲು ಹಿಡಿಯುತ್ತೆ. ಮೇಲಿನಿಂದ ಕೆಳಗೆ ಕಪ್ಪು ಪಟ್ಟಿ ಇಳಿದಿದೆ ಅಂದರೆ ಅದು ನೀರು ಹರಿಯುವ ಜಾಗ, ಒಣಗಿದ್ದರೂ ಅದರ ಮೇಲೆ ಕಾಲಿಡಬೇಡಿ. ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆಗೆ ಊರಿರಬೇಕು, ಒಂದೇ ಒಂದು ಸರಿಯಬೇಕು. ಹುಲ್ಲಿನ ಬುಡ, ಸಣ್ಣ ಗಿಡ ಹಿಡಿದು ಮೈ ಎಳೆದುಕೊಳ್ಳಬೇಡಿ, ಬಂಡೆಯ ಮೇಲಿನ ಮಣ್ಣು ನಾಲ್ಕು ಬೆರಳು ದಪ್ಪ ಇದ್ದರೆ ಹೆಚ್ಚು. ಇಳಿಯುವಾಗ ಕಡಿದಾದ ಕಡೆ ನಾಚಿಕೆ ಪಡದೆ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಿರಿ. ಕುಂಡೆ ಊರಿಕೊಂಡು ಜಾರುತ್ತಾ ಇಳಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಕೂತರೆ ಭಾರ ಕಾಲಿನಿಂದ ತಪ್ಪಿ ಹಿಂದಕ್ಕೆ ಹೋಗುತ್ತೆ, ಬೂಟಿನ ಹಿಡಿತವೇ ಹೋಗುತ್ತೆ. ಇನ್ನೊಂದು, ಹತ್ತಲು ಆಗುತ್ತೆ ಅನ್ನಿಸಿದ ಬಂಡೆಯನ್ನೆಲ್ಲ ಇಳಿಯಲು ಆಗಲ್ಲ. ಹತ್ತುವ ಮೊದಲು, ಇದನ್ನು ನಾನು ಇಳೀತೀನಾ ಅಂತ ಕೇಳಿಕೊಳ್ಳಿ.

ಪ್ರಶ್ನೆ: ಮಗ ಜನವರಿಯಲ್ಲಿ ಗೆಳೆಯರ ಜೊತೆ ಕಾಡು ಹೊಕ್ಕು ಬೆಟ್ಟಕ್ಕೆ ಹೋಗುತ್ತೇನೆ ಅನ್ನುತ್ತಾನೆ. ಮಂಗನ ಕಾಯಿಲೆ ಸಮಯ. ಕಳಿಸಲೋ ಬೇಡವೋ?
(ಒಬ್ಬ ತಾಯಿ, ತೀರ್ಥಹಳ್ಳಿ)

ಉತ್ತರ: ನಿಮ್ಮ ಹೆದರಿಕೆ ಸುಳ್ಳಲ್ಲ ಅಮ್ಮ. ಊರಾಚೆಯಿಂದ ಬರುವ ಚಾರಣಿಗರಿಗೆ ಇದು ಗೊತ್ತೇ ಇರಲ್ಲ. ದಾರಿ ಒಣಗಿ, ಆಕಾಶ ತಿಳಿಯಾಗಿ ಬೆಟ್ಟಕ್ಕೆ ಹೇಳಿ ಮಾಡಿಸಿದ ಡಿಸೆಂಬರಿನಿಂದ ಮೇ ತನಕದ ಕಾಲವೇ ಈ ಕಾಯಿಲೆ ಹರಡುವ ಉಣುಗಿನ ಕಾಲ ಕೂಡ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ಇಂಗ್ಲಿಷಿನಲ್ಲಿ ಅದಕ್ಕೆ ಆ ಕಾಡಿನ ಹೆಸರೇ ಇದೆ.

ಕಳಿಸುವ ಮೊದಲು ಒಂದು ವಿಚಾರಿಸಿ: ಅವನು ಹೋಗುವ ಕಡೆ ಈಚೆಗೆ ಮಂಗ ಸತ್ತ ಸುದ್ದಿ ಇದೆಯಾ? ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿದರೆ ಹೇಳುತ್ತಾರೆ. ಇದೆ ಅಂದರೆ ಆ ಕಾಡು ಈ ವರ್ಷ ಬೇಡ, ಬೇರೆ ಬೆಟ್ಟ ನೋಡಲಿ. ಇಲ್ಲ ಅಂದರೂ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಲಿ. ಕಾನಿನೊಳಗೆ ದರಗಿನ ಮೇಲೆ ಕೂರುವುದು, ಮಲಗುವುದು ಬೇಡ, ಸುಸ್ತಾದರೆ ಬಿಸಿಲಿನ ಬಂಡೆ ಇದೆ. ಉಣುಗಿನ ಮರಿ ಎಳ್ಳಿಗಿಂತ ಸಣ್ಣ, ಕಚ್ಚಿದ್ದು ಗೊತ್ತೇ ಆಗಲ್ಲ. ಹಾಗಾಗಿ ಮನೆಗೆ ಬಂದ ಕೂಡಲೇ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮೊಣಕಾಲ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಬೇಕು. ಆಮೇಲೆ ಒಂದು ವಾರ, ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗುವುದಲ್ಲ. ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅನ್ನುವುದನ್ನು ಮೊದಲು ಹೇಳಬೇಕು.

ಉಂಬಳದ ಬಗ್ಗೆಯೂ ಮೂರು ಜನ ಕೇಳಿದ್ದಾರೆ. ಅದು ರಕ್ತ ಕುಡಿದು ಬಿದ್ದು ಹೋಗುತ್ತೆ, ಕಾಯಿಲೆ ತರಲ್ಲ. ಉಪ್ಪು ಇಟ್ಟುಕೊಳ್ಳಿ, ಕಿರುಚಬೇಡಿ.

ಪ್ರಶ್ನೆ: ಕುಕ್ಕೆಯಿಂದ ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದಾ? ಕೆಲವರು ಆಗುತ್ತೆ ಅಂತಾರೆ, ಕೆಲವರು ಸಾಧ್ಯವೇ ಇಲ್ಲ ಅಂತಾರೆ.
(ಓದುಗರು, ಭದ್ರಾವತಿ)

ಉತ್ತರ: ಇಬ್ಬರೂ ಹೇಳುವುದು ಅವರವರ ಕಾಲಿನ ಲೆಕ್ಕ. ನಿಮ್ಮ ಲೆಕ್ಕ ನೀವೇ ಹಾಕಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವವನು 1892ರಲ್ಲಿ ಹೇಳಿದ ಒಂದು ಸೂತ್ರ ಇದೆ, ಇವತ್ತಿಗೂ ಬೆಟ್ಟದವರು ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತದ ತುದಿ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಹಾಗಾಗಿ ಏರು ಹತ್ತಿರ ಹತ್ತಿರ 1,600 ಮೀಟರ್. ದೂರ ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಕೂಡಿದರೆ ಐದೂಕಾಲು ಗಂಟೆ ಬಂತು.

ಖುಷಿಪಡಬೇಡಿ, ಅದು ನಿಲ್ಲದೆ ನಡೆಯುವ, ತಣ್ಣನೆ ದೇಶದ ಗಟ್ಟಿ ಆಳಿನ ಲೆಕ್ಕ. ನಮ್ಮ ಸೆಕೆ, ಬೆವರು, ಗಿರಿಗದ್ದೆ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲುಗುಡ್ಡ, ಕಲ್ಲುಮಂಟಪ, ಶೇಷಪರ್ವತ ಕಳೆದ ಮೇಲೆ ಸಿಗುವ ಒದ್ದೆ ಬಂಡೆ, ಫೋಟೊ, ಎಲ್ಲಾ ಸೇರಿಸಿ ಅರ್ಧದಷ್ಟು ಹೆಚ್ಚು ಹಾಕಿ. ಹತ್ತಲು ಏಳೆಂಟು ಗಂಟೆ. ಇಳಿಯಲು ಐದು ಗಂಟೆಗಿಂತ ಕಡಿಮೆ ಹಿಡಿಯಬೇಡಿ, ಮೊಣಕಾಲು ನಡುಗಲು ಶುರುವಾದ ಮೇಲೆ ಇಳಿಯುವುದು ಹತ್ತುವುದಕ್ಕಿಂತ ನಿಧಾನ. ಈಗ ಬೆಳಕಿನ ಲೆಕ್ಕ ನೋಡಿ. ಡಿಸೆಂಬರಿನಲ್ಲಿ ಆರು ಗಂಟೆ ಆಸುಪಾಸಿಗೆ ಸೂರ್ಯ ಮುಳುಗಿದರೆ ಕಾಡಿನೊಳಗೆ ಐದೂವರೆಗೇ ಕತ್ತಲು. ಬೆಳಿಗ್ಗೆ ಆರಕ್ಕೆ ಹೊರಟರೂ ಹಗಲು ಸಾಲಲ್ಲ ಅಂತ ಆಯಿತಲ್ಲ. ಹಾಗಾಗಿ ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದರೆ ಅಲ್ಲಿಂದ ತಿರುಗುತ್ತೇವೆ ಅಂತ ಹೊರಡುವ ಮೊದಲೇ, ಹೊಟ್ಟೆ ತುಂಬಿ ತಲೆ ತಣ್ಣಗಿರುವಾಗ ತೀರ್ಮಾನ ಮಾಡಿಕೊಳ್ಳಿ. ತುದಿ ಕಣ್ಣೆದುರು ಇರುವಾಗ ಯಾರೂ ತಿರುಗಲ್ಲ, ನಾನೂ ತಿರುಗಲ್ಲ. ಸೋಮವಾರಪೇಟೆ ಕಡೆಯಿಂದ, ಬೀದಹಳ್ಳಿಯಿಂದ ಹೋದರೆ ದೂರವೂ ಏರೂ ಕಡಿಮೆ. ಒಂದೇ ದಿನದ ಆಸೆ ಇದ್ದರೆ ನನ್ನ ಓಟು ಆ ಕಡೆಗೆ. ಯಾವ ಕಡೆಯಿಂದ ಆದರೂ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ ಹೋಗಿ. ಗೇಟಿಗೆ ಹೋಗಿ ಗಾರ್ಡ್ ಹತ್ತಿರ ಗೋಗರೆಯುವುದು ಅವರಿಗೂ ಕಷ್ಟ.

ಪ್ರಶ್ನೆ: ಮೊಬೈಲಿಗೆ ಸಿಗ್ನಲ್ ಇಲ್ಲದ ಕಡೆ ಮ್ಯಾಪ್ ಕೆಲಸ ಮಾಡುತ್ತಾ? ದಿಕ್ಸೂಚಿ ತಗೊಂಡು ಹೋಗಬೇಕಾ?
(ಓದುಗರು, ಶಿಕಾರಿಪುರ)

ಉತ್ತರ: ಮಾಡುತ್ತೆ. ಜಿಪಿಎಸ್‌ಗೂ ಟವರಿಗೂ ಸಂಬಂಧ ಇಲ್ಲ, ಅದು ಉಪಗ್ರಹದಿಂದ ಬರುವುದು. ಇರಬೇಕಾದ್ದು ನಕ್ಷೆ ಮಾತ್ರ, ಅದನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಕಾರಿಗೆ ದಾರಿ ತೋರಿಸುವ ಮ್ಯಾಪಿನಲ್ಲಿ ಕಾಲುದಾರಿ ಇರುವುದು ಅಪರೂಪ, ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಆ್ಯಪ್‌ಗಳಲ್ಲಿ ಸಿಗುವುದು ಜಾಸ್ತಿ. ಹೊರಟ ಜಾಗದಿಂದಲೇ ನೀವು ನಡೆದ ಗೆರೆ ದಾಖಲಾಗುವ ಹಾಗೆ ಹಾಕಿಡಿ. ವಾಪಸ್ ಬರುವಾಗ ಆ ಗೆರೆ ಮೇಲೆ ನಿಮ್ಮ ಚುಕ್ಕೆ ಇದೆಯಾ ನೋಡಿದರೆ ಸಾಕು, ಬೇರೆ ಯಾರೋ ಹಾಕಿದ ದಾರಿ ನಂಬುವುದಕ್ಕಿಂತ ಅದು ಎಷ್ಟೋ ಮೇಲು. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿಯಾಗುತ್ತೆ, ಹಾಗಾಗಿ ಏರೋಪ್ಲೇನ್ ಮೋಡ್‌ಗೆ ಹಾಕಿ. ಪವರ್ ಬ್ಯಾಂಕ್ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಡಿ.

ಸರ್ವೆ ಆಫ್ ಇಂಡಿಯಾದ ನಕ್ಷೆ ಓದುವುದು ಬಂದರೆ ಇನ್ನೂ ಒಳ್ಳೇದು. 1:50,000 ಅಳತೆಯ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಸಮ ಎತ್ತರದ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲಿ ದರೆ, ದೂರ ದೂರ ಇದ್ದರೆ ಬೇಣದಂಥ ಇಳಿಜಾರು ಕಡಿಮೆಯ ಜಾಗ.

ದಿಕ್ಸೂಚಿ ಇಟ್ಟುಕೊಳ್ಳಿ, ಆದರೆ ಎಲ್ಲಾ ಕಡೆ ಅದರ ಮಾತು ಕೇಳಬೇಡಿ. ನಮ್ಮ ಘಟ್ಟದಲ್ಲಿ ಕಬ್ಬಿಣದ ಅದಿರು ಇದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗಣಿ ನಡೆದದ್ದು ಮ್ಯಾಗ್ನೆಟೈಟಿಗೆ, ಅಂದರೆ ಅಯಸ್ಕಾಂತ ಸೆಳೆಯುವ ಅದಿರಿಗೆ. ಅಂಥ ಬಂಡೆಯ ಮೇಲೆ ಇಟ್ಟರೆ ಮುಳ್ಳು ಅಡ್ಡಾದಿಡ್ಡಿ ತಿರುಗಬಹುದು. ಎದ್ದು ನಿಂತು, ಹತ್ತು ಹೆಜ್ಜೆ ಆಚೆ ಹೋಗಿ, ಮತ್ತೊಮ್ಮೆ ನೋಡಿ. ಎರಡೂ ಕಡೆ ಒಂದೇ ದಿಕ್ಕು ತೋರಿಸಿದರೆ ನಂಬಿ. ಮೊಬೈಲಿನೊಳಗಿನ ದಿಕ್ಸೂಚಿಗೂ ಇದೇ ಮಾತು.

ಪ್ರಶ್ನೆ: ಕಾಡಿನಲ್ಲಿ ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತೆ ಅಂತ ನಮ್ಮಜ್ಜ ಹೇಳುತ್ತಿದ್ದರು. ನೀವು ಹಿಂದೊಮ್ಮೆ ಹಾಗೆ ಮಾಡಬೇಡಿ ಅಂತ ಬರೆದಿದ್ದಿರಿ. ಯಾರ ಮಾತು ಕೇಳುವುದು?
(ಕೃಷಿಕರು, ತೀರ್ಥಹಳ್ಳಿ ತಾಲೂಕು)

ಉತ್ತರ: ನಿಮ್ಮಜ್ಜ ಹೇಳಿದ್ದು ಸರಿ, ನಾನು ಹೇಳಿದ್ದೂ ಸರಿ. ಅಜ್ಜ ನಡೆದಾಡಿದ್ದು ಘಟ್ಟದ ಮೂಡಣ ಮಗ್ಗುಲಲ್ಲಿ. ಆ ಕಡೆಯ ಹಳ್ಳಗಳು ತುಂಗೆಗೋ ಮಾಲತಿಗೋ ಸೇರುವವು, ನಿಧಾನಕ್ಕೆ ಇಳಿಯುತ್ತವೆ, ಅರ್ಧ ಗಂಟೆ ನಡೆದರೆ ಯಾರದ್ದೋ ಅಡಿಕೆ ತೋಟ, ಒಂದು ಸಂಕ, ಒಂದು ನಾಯಿ ಬೊಗಳುವ ಸದ್ದು. ಅಲ್ಲಿ ಹಳ್ಳ ಹಿಡಿದವನು ಸಂಜೆಗೆ ಯಾರದ್ದಾದರೂ ಜಗಲಿ ಮೇಲೆ ಕಾಫಿ ಕುಡಿಯುತ್ತಿರುತ್ತಾನೆ.

ಅದೇ ಬುದ್ಧಿಯನ್ನು ಘಟ್ಟದ ಪಡುವಣ ಅಂಚಿಗೆ ತಗೊಂಡು ಹೋದರೆ ಕಷ್ಟ. ಆಗುಂಬೆ ಹತ್ತಿರದ ಬರ್ಕಣ ನೋಡಿದ್ದೀರಲ್ಲ? ಸೀತಾ ನದಿ ಅಲ್ಲಿ ಒಂದೇ ನೆಗೆತಕ್ಕೆ ಕಣಿವೆಗೆ ಬೀಳುತ್ತೆ. ಮೇಲೆ ನಡೆದು ಬರುವವನಿಗೆ ಅದು ಮೊಣಕಾಲುದ್ದ ನೀರಿನ ಸಾಧು ಹಳ್ಳ. ನಮ್ಮ ಶರಾವತಿಯೂ ಅಷ್ಟೇ, ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ ಮಗುವಿನ ಹಾಗೆ ಹರಿದುಕೊಂಡು ಹೋಗಿ ಜೋಗದಲ್ಲಿ 253 ಮೀಟರ್ ಧುಮುಕುತ್ತೆ. ಪಡುವಣ ಅಂಚಿನ ಹೆಸರಿಲ್ಲದ ಹಳ್ಳಗಳೂ ಎಲ್ಲೋ ಒಂದು ಕಡೆ ಅಬ್ಬಿಯಾಗುತ್ತವೆ. ಅವುಗಳಲ್ಲಿ ಇಳಿಯುವವನು ಮೊದಲು ಒಂದಾಳುದ್ದದ ಬಂಡೆಯಿಂದ ಜಾರಿ ಇಳಿಯುತ್ತಾನೆ. ಅದನ್ನು ಮತ್ತೆ ಹತ್ತಲು ಆಗಲ್ಲ. ಆಮೇಲೆ ಇನ್ನೊಂದು, ಅದು ಎರಡಾಳುದ್ದ. ಮೂರನೇದರ ತುದಿಯಲ್ಲಿ ನಿಂತು ಬಗ್ಗಿ ನೋಡಿದರೆ ಕೆಳಗೆ ಮರದ ತಲೆಗಳು ಕಾಣುತ್ತವೆ. ಈಗ ಕೆಳಗೂ ಇಲ್ಲ, ಮೇಲೂ ಇಲ್ಲ. ನೀರಿನ ಸದ್ದಿಗೆ ಕೂಗಿದರೂ ಯಾರಿಗೂ ಕೇಳಲ್ಲ.

ಇಂಥ ಕಡೆ ದಾರಿ ತಪ್ಪಿದರೆ ಇಳಿಯಬೇಡಿ, ಹತ್ತಿ. ಬೇಜಾರಾಗುತ್ತೆ, ಕಾಲು ಬರಲ್ಲ, ಆದರೂ ಗುಡ್ಡದ ಬೆನ್ನಿಗೆ ಹತ್ತಿ, ಕೊನೆಯ ಸಲ "ಇದು ಸರಿಯಾದ ದಾರಿ" ಅಂತ ಅನುಮಾನವೇ ಇಲ್ಲದೆ ಗೊತ್ತಿದ್ದ ಜಾಗಕ್ಕೆ ವಾಪಸ್ ಬನ್ನಿ. ಬೆನ್ನಿನ ಮೇಲೆ ಎರಡೂ ಕಡೆ ಕಾಣುತ್ತೆ, ಮೊಬೈಲಿಗೆ ಟವರ್ ಸಿಗುವ ಆಸೆಯೂ ಅಲ್ಲೇ ಜಾಸ್ತಿ. 112ಕ್ಕೆ ಫೋನ್ ಮಾಡಿ, ಜಿಪಿಎಸ್ ಅಂಕಿ ಓದಿ ಹೇಳಿ. ಕತ್ತಲಾಯಿತಾ, ನಡೆಯುವುದು ನಿಲ್ಲಿಸಿ. ರಾತ್ರಿ ಚಳಿಯಲ್ಲಿ ಕೂತರೆ ನೆಗಡಿ, ಕತ್ತಲಲ್ಲಿ ನಡೆದರೆ ದರೆ. ನಮ್ಮ ಹಿರಿಯರು ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕುತ್ತಿದ್ದರು. ಗಂಟಲು ಅರ್ಧ ಗಂಟೆಗೆ ಬಿದ್ದು ಹೋಗುತ್ತೆ, ಹತ್ತು ರೂಪಾಯಿಯ ಸೀಟಿ ರಾತ್ರಿಯಿಡೀ ಊದಬಹುದು. ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಬೆಟ್ಟದವರು ಎಲ್ಲಾ ಕಡೆ ಬಳಸುವ ಕರೆ ಅದು. ಉತ್ತರವಾಗಿ ಮೂರು ಕೇಳಿಸಿದರೆ ಯಾರೋ ಬರುತ್ತಿದ್ದಾರೆ ಅಂತ, ಕೂತಲ್ಲಿಂದ ಕದಲಬೇಡಿ.

ಪ್ರಶ್ನೆ: ಬೆಟ್ಟದ ಮೇಲೆ ಗುಡುಗು ಸಿಡಿಲು ಬಂದರೆ ಮಂಟಪದಲ್ಲಿ ನಿಂತರೆ ಸಾಕಾ?
(ಓದುಗರು, ರಿಪ್ಪನ್‌ಪೇಟೆ)

ಉತ್ತರ: ಸಾಲಲ್ಲ. ತೆರೆದ ಕಲ್ಲುಮಂಟಪ ಮಳೆಗೆ ಆಸರೆ, ಸಿಡಿಲಿಗೆ ಅಲ್ಲ. ಗುಹೆಯ ಬಾಯಲ್ಲಿ ನಿಲ್ಲುವುದೂ ಬೇಡ. ಟಾರ್ಪಾಲಿನ ಜೀಪನ್ನೂ ನಂಬಬೇಡಿ, ಪೂರ್ತಿ ತಗಡು ಮುಚ್ಚಿದ ಗಾಡಿ ಆದರೆ ಸರಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ನೆತ್ತಿ ಬಿಟ್ಟು ಇಳಿಯಿರಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಮತ್ತೆ ಹತ್ತಬೇಡಿ. ಏಪ್ರಿಲ್, ಮೇನಲ್ಲಿ ಮತ್ತು ಅಕ್ಟೋಬರಿನಲ್ಲಿ ಇದು ಮಧ್ಯಾಹ್ನದ ಮೇಲೇ ಜಾಸ್ತಿ, ಹಾಗಾಗಿ ಬೆಳಿಗ್ಗೆಯೇ ಹತ್ತಿ ಇಳಿದುಬಿಡಿ.

ಪ್ರಶ್ನೆ: ಮುಳ್ಳಯ್ಯನಗಿರಿ ಮೂರು ಸಲ ಹತ್ತಿದ್ದೇನೆ, ಒಂದು ಸಲವೂ ಏದುಸಿರು ಬಂದಿಲ್ಲ. ಮುಂದಿನ ಚಳಿಗಾಲಕ್ಕೆ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದೇನೆ. ಇಷ್ಟು ತಯಾರಿ ಸಾಕಲ್ವಾ?
(ಓದುಗರು, ವಿನೋಬನಗರ, ಶಿವಮೊಗ್ಗ)

ಉತ್ತರ: ಕಾಲಿಗೆ ಸಾಕು, ಶ್ವಾಸಕೋಶಕ್ಕೆ ಗೊತ್ತಿಲ್ಲ. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರ ಅಂದರೂ 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಕರಾವಳಿಯ ಐದರಲ್ಲಿ ನಾಲ್ಕು ಪಾಲು ಇರುತ್ತೆ. ಕೇದಾರಕಂಠ ಸುಮಾರು 3,800 ಮೀಟರ್, ಅಲ್ಲಿ ಮೂರರಲ್ಲಿ ಎರಡು ಪಾಲೂ ಸಿಗಲ್ಲ. ಈ ಎತ್ತರದ ತಲೆನೋವು, ವಾಂತಿ ಗಟ್ಟಿಮುಟ್ಟಾದವರು, ಬಡಕಲು ಅಂತ ನೋಡಲ್ಲ. ಎಷ್ಟೋ ಸಲ ಗಟ್ಟಿಯವರೇ ಬೀಳುತ್ತಾರೆ, ಯಾಕಂದರೆ ಅವರು ಬೇಗ ಬೇಗ ಹತ್ತಿಬಿಡುತ್ತಾರೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಮೇಲಿರಬಾರದು. ತಲೆನೋವು ಬಂದರೆ ಮೇಲೆ ಹೋಗಬೇಡಿ, ಜಾಸ್ತಿಯಾದರೆ ಅವತ್ತೇ ಇಳಿಯಿರಿ, ಬೇರೆ ಔಷಧ ಹುಡುಕುತ್ತಾ ಕೂರಬೇಡಿ.

ಚಳಿಯ ಲೆಕ್ಕ ಸುಲಭ, ಸಾವಿರ ಮೀಟರ್ ಏರಿದರೆ ಹೆಚ್ಚುಕಡಿಮೆ ಆರೂವರೆ ಡಿಗ್ರಿ ಇಳಿಯುತ್ತೆ, ಗಾಳಿ ಬೀಸಿದರೆ ಇನ್ನೂ ಕೆಳಗೆ. ಹಿಮ ಬಿದ್ದ ಮೇಲೆ ಅಲ್ಲಿ ದಾರಿ ಅನ್ನುವುದೇ ಮುಚ್ಚಿಹೋಗಿರುತ್ತೆ, ಸವೆದ ಬೇರು, ಬಿಳಿಚಿದ ಕಲ್ಲು ಅಂತ ನಾನು ಮೇಲೆ ಹೇಳಿದ ಗುರುತುಗಳಾವುವೂ ಉಪಯೋಗಕ್ಕೆ ಬರಲ್ಲ. ಆ ಊರಿನ ಗೈಡ್ ಇಲ್ಲದೆ ಹೋಗಬೇಡಿ.

ಪ್ರಶ್ನೆ: ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಮೇಲಿನದಷ್ಟೇ ನಡೆದರೆ ಅದು ಚಾರಣ ಅನ್ನಿಸಿಕೊಳ್ಳುತ್ತಾ? ಗೆಳೆಯರು ನಗುತ್ತಾರೆ.
(ನಿವೃತ್ತ ನೌಕರರು, ಹೊಸನಗರ)

ಉತ್ತರ: ಆ ರಸ್ತೆಯಲ್ಲಿ ಜೀಪಿನೊಳಗೆ ಒಂದು ಗಂಟೆಗೂ ಹೆಚ್ಚು ಕೂತು ಸೊಂಟ ಉಳಿಸಿಕೊಂಡು ಇಳಿದವರನ್ನು ನೋಡಿ ಯಾರಾದರೂ ನಗುತ್ತಾರಾ ಸ್ವಾಮಿ? ಹೋಗಿ ಬನ್ನಿ. ಜೀಪು ನಿಲ್ಲುವಲ್ಲಿಂದ ಪೀಠದ ತನಕ ಏರು ಇದೆ, ಗಣೇಶ ಗುಹೆ ಹತ್ತಿರ ಕೂತು ಸುಧಾರಿಸಿಕೊಳ್ಳಿ. ಪೀಠದಿಂದ ಕೆಳಗೆ ಚಿತ್ರಮೂಲಕ್ಕೆ ಇಳಿಯುವುದು ಮಾತ್ರ ಮೊಣಕಾಲು ನೋವಿದ್ದರೆ ಬಿಡಿ, ಬಹಳ ಕಡಿದು. ವಾಪಸ್ ಎಷ್ಟು ಗಂಟೆಗೆ ಅಂತ ಡ್ರೈವರ್ ಹತ್ತಿರ ಹತ್ತುವ ಮೊದಲೇ ಮಾತಾಡಿಕೊಳ್ಳಿ, ಸೂರ್ಯಾಸ್ತ ನೋಡುವವರಿದ್ದರೆ ಟಾರ್ಚ್ ಇರಲಿ.